‘ವಾಕ್’ ಸಾಲದೆ ಹೋದ ಮೇಲೆ

14 ಜೂನ್ 2023, ಬುಧವಾರ

ಇಂಗ್ಲಿಷಿನಲ್ಲಿ ನಡಿಗೆಯನ್ನು ಹೇಳುವ ಪದಗಳನ್ನು ಕಲಿಯತೊಡಗಿ ಇಂದಿಗೆ ಹತ್ತು ದಿನಗಳಾದವು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದ ಅರ್ಥ ಎಂದು ಬರೆದುಕೊಂಡಿದ್ದ ಪಟ್ಟಿಯನ್ನು ಬೆಳಿಗ್ಗೆ ತೆರೆದಾಗ, ಸ್ಟ್ರೋಲ್, ಆಂಬಲ್, ಪ್ಲಾಡ್, ಟ್ರಡ್ಜ್, ಶಫಲ್ ಎಂಬ ಐದು ಪದಗಳ ಮುಂದೆಯೂ ‘ನಿಧಾನವಾಗಿ ನಡೆ’ ಎಂದೇ ಬರೆದಿರುವುದು ಕಣ್ಣಿಗೆ ಬಿತ್ತು. ಆ ಅರ್ಥ ತಪ್ಪಲ್ಲ. ಆದರೆ ಅಂತಹ ಐವರನ್ನು ಒಂದೇ ದಾರಿಯಲ್ಲಿ ಬಿಟ್ಟರೆ ಒಬ್ಬರ ಹೆಜ್ಜೆ ಇನ್ನೊಬ್ಬರದನ್ನು ಹೋಲುವುದಿಲ್ಲ.

ಸ್ಟ್ರೋಲ್ ಮಾಡುವವನಿಗೆ ಹೊತ್ತಿನ ಹಂಗಿಲ್ಲ, ನಡೆಯುವುದರಲ್ಲಿಯೇ ಅವನಿಗೆ ಸುಖವಿದೆ. ಟ್ರಡ್ಜ್ ಮಾಡುವವನಿಗಾದರೋ ತಲುಪಲೇಬೇಕಾದ ಜಾಗವಿದೆ, ಕಾಲುಗಳು ಸೋತಿವೆ, ಅಡಿಯಲ್ಲಿ ಕೆಸರೋ ಹಿಮವೋ ಇರಬಹುದು. ಪ್ಲಾಡ್‌ನಲ್ಲಿಯೂ ಭಾರವಿದೆ, ಆದರೆ ಅಲ್ಲಿ ಒಂದೇ ಸಮನೆ ಸಾಗುವ ಹೆಜ್ಜೆಯೇ ಮುಖ್ಯ. ಬೇಸರದ ಕೆಲಸವನ್ನು ಪಟ್ಟುಬಿಡದೆ ಮುಂದುವರಿಸುವುದಕ್ಕೂ ಅದೇ ಪದ ಬಳಕೆಯಲ್ಲಿದೆ. ಶಫಲ್‌ನಲ್ಲಿ ಪಾದ ನೆಲದಿಂದ ಪೂರ್ತಿ ಏಳುವುದೇ ಇಲ್ಲ, ಅದು ನಮ್ಮ ಕಾಲೆಳೆದುಕೊಂಡು ನಡೆಯುವ ನಡಿಗೆ. ಲ್ಯಾಟಿನ್ ಮೂಲದ ಆಂಬಲ್ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಕುದುರೆಯ ಸಲೀಸಾದ ನಡಿಗೆಯ ಹೆಸರಾಗಿತ್ತಂತೆ. ಇದು ತಿಳಿದ ಮೇಲೆ ಆ ಪದ ಮರೆಯಲಿಲ್ಲ.

ನನ್ನ ತೊಡಕಿನ ಬೇರು ಪದಗಳ ಸಂಖ್ಯೆಯಲ್ಲಿಲ್ಲ, ವಾಕ್ಯದ ಕಟ್ಟಡದಲ್ಲಿದೆ ಎಂಬುದು ಈಗ ಸ್ಪಷ್ಟವಾಗಿದೆ. ಕೆಲವು ಭಾಷೆಗಳು ಚಲನೆಯ ದಿಕ್ಕನ್ನು ಕ್ರಿಯಾಪದದಲ್ಲಿಯೇ ಹೇಳುತ್ತವೆ, ಇನ್ನು ಕೆಲವು ದಿಕ್ಕನ್ನು ಪಕ್ಕದ ಕಿರುಪದಕ್ಕೆ ಬಿಟ್ಟು ಚಲನೆಯ ರೀತಿಯನ್ನು ಕ್ರಿಯಾಪದದಲ್ಲಿ ತುಂಬುತ್ತವೆ ಎಂಬ ಭೇದವನ್ನು ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1985ರ ಬರಹದಲ್ಲಿ ವಿವರಿಸಿದ್ದರು. ಇಂಗ್ಲಿಷ್ ಎರಡನೆಯ ಬಗೆಯದು. ‘ಶಿ ಲಿಂಪ್ಡ್ ಔಟ್’ ಎಂಬುದನ್ನು ನಾವು ‘ಅವಳು ಕುಂಟುತ್ತಾ ಹೊರಗೆ ಹೋದಳು’ ಎನ್ನುತ್ತೇವೆ. ನಮ್ಮ ವಾಕ್ಯವನ್ನು ಮುಗಿಸುವುದು ‘ಹೋದಳು’, ಕುಂಟುವುದು ಅದಕ್ಕೆ ಮುಂಚೆ ಬರುವ ವಿವರ. ಆದ್ದರಿಂದಲೇ ಇಂಗ್ಲಿಷಿನಲ್ಲಿ ಬರೆಯುವಾಗಲೂ ನಾನು ಮೊದಲು ‘ವೆಂಟ್’ ಎಂದು ಬರೆದು, ಆಮೇಲೆ ರೀತಿಯನ್ನು ಹೇಳುವ ಪದಕ್ಕಾಗಿ ತಡಕಾಡುತ್ತಿದ್ದೆ.

ಹಾಗೆಂದು ಕನ್ನಡಕ್ಕೆ ಇಲ್ಲಿ ಬಡತನವಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಸರಸರನೆ, ದಡದಡನೆ, ಬಿರಬಿರನೆ ಎಂಬ ಪದಗಳು ಹೆಜ್ಜೆಯ ಸದ್ದನ್ನೂ ವೇಗವನ್ನೂ ಒಟ್ಟಿಗೆ ಕೇಳಿಸುತ್ತವೆ. ನಾವು ಕಾಲಿಗೇ ಹೆಸರಿಟ್ಟಿದ್ದೇವೆ: ದಾಪುಗಾಲು, ತುದಿಗಾಲು, ಅಂಬೆಗಾಲು. ಈ ಸಾಲನ್ನೇ ಹಿಡಿದು ಪಟ್ಟಿಯನ್ನು ಹೊಸದಾಗಿ ಬರೆದೆ. ದಾಪುಗಾಲಿನ ಎದುರಿಗೆ ಸ್ಟ್ರೈಡ್, ತುದಿಗಾಲಿನ ಎದುರಿಗೆ ಟಿಪ್‌ಟೋ ಸುಲಭವಾಗಿ ಕುಳಿತವು. ಆಗಷ್ಟೇ ನಡೆಯಲು ಕಲಿತ ಮಗುವಿನ ಟಾಡಲ್, ಇನ್ನೇನು ಬೀಳುವಂತಿರುವ ಟಾಟರ್, ಪೆಟ್ಟು ತಿಂದವನ ಸ್ಟ್ಯಾಗರ್ ಈ ಮೂರನ್ನು ಬೇರ್ಪಡಿಸಲು ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಒಂದೊಂದನ್ನೂ ನಡೆದು ನೋಡಬೇಕಾಯಿತು. ದೇಹ ಒಮ್ಮೆ ಓಲಾಡಿದ ಮೇಲೆ ಪದಕ್ಕೆ ಅನುವಾದದ ಅಗತ್ಯ ಬೀಳಲಿಲ್ಲ.

ನೋಡುವವನ ಅಭಿಪ್ರಾಯವನ್ನೂ ಒಳಗಿಟ್ಟುಕೊಂಡಿರುವ ಪದಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಕಳೆದ ವಾರದ ಅಭ್ಯಾಸದ ಬರಹದಲ್ಲಿ, ಹಿರಿಯರೊಬ್ಬರು ಗಂಭೀರವಾಗಿ ವೇದಿಕೆಗೆ ಬಂದರು ಎಂಬ ಅರ್ಥದಲ್ಲಿ ಸ್ಟ್ರಟ್ ಎಂದು ಬರೆದಿದ್ದೆ. ಅದು ಎದೆಯುಬ್ಬಿಸಿ ಬೀಗುತ್ತಾ ನಡೆಯುವವರಿಗೆ ಹೇಳುವ ಮಾತು. ಗೌರವ ತೋರಬೇಕೆಂದಿದ್ದ ವಾಕ್ಯದಲ್ಲಿ ನಿಂದೆ ಸೇರಿಕೊಂಡಿತ್ತು. ಕ್ರೀಪ್ ಮತ್ತು ಸ್ನೀಕ್ ನಡುವೆಯೂ ಇಂತಹದೇ ಅಂತರವಿದೆ. ಮಲಗಿದ ಮಗು ಏಳದಿರಲೆಂದು ತಾಯಿ ಕ್ರೀಪ್ ಮಾಡಬಹುದು, ಆದರೆ ಸ್ನೀಕ್ ಎಂದೊಡನೆ ಅಲ್ಲಿ ಮುಚ್ಚಿಡಬೇಕಾದ ಏನೋ ಇದೆ ಎಂಬ ಅನುಮಾನ ಮೂಡುತ್ತದೆ.

ರಾತ್ರಿ ಪುಸ್ತಕ ಮುಚ್ಚುವ ಮುನ್ನ ನನ್ನದೇ ಒಂದು ವಾಕ್ಯ ಬರೆದೆ: ‘ಹಿ ಸ್ಟ್ರೋಡ್ ಔಟ್ ಅಂಡ್ ಟ್ರಡ್ಜ್ಡ್ ಬ್ಯಾಕ್.’ ದಾಪುಗಾಲು ಹಾಕುತ್ತಾ ಹೊರಟವನು ಸೋತ ಕಾಲುಗಳಲ್ಲಿ ಹಿಂದಿರುಗಿದ್ದಾನೆ. ಅವನು ಎಲ್ಲಿಗೆ ಹೋಗಿದ್ದ, ಅಲ್ಲಿ ಏನಾಯಿತು ಎಂದು ನಾನು ಬರೆಯಲಿಲ್ಲ.