ಎಂ-37 ಟ್ರಕ್‌ಗೆ ಅದರ ಕಾಲದ್ದೇ ಪಾರ್ಟ್ಸ್ ಹುಡುಕುವ ಕೆಲಸ

ಅಮೆರಿಕದ ಸೇನೆಯ ಮುಕ್ಕಾಲು ಟನ್ ಟ್ರಕ್ ಡಾಜ್ ಎಂ-37 ತಯಾರಾದದ್ದು 1951ರಿಂದ 1968ರವರೆಗೆ. 1958ರಲ್ಲಿ ಎಂ-37ಬಿ1 ಬಂತು, ಸ್ಟೆಪ್ನಿ ಡ್ರೈವರ್ ಬಾಗಿಲ ಪಕ್ಕಕ್ಕೆ ಹೋಯಿತು. ಉಳಿದಂತೆ ದೂರದಿಂದ ನೋಡಿದವರಿಗೆ ಎರಡೂ ಒಂದೇ. ಗಾಡಿಯನ್ನು ಮೊದಲಿನ ರೂಪಕ್ಕೆ ತರಲು ಹೊರಟವರಿಗೆ ತೊಂದರೆ ಇರುವುದೇ ಇಲ್ಲಿ. ‘ಎಂ-37ಕ್ಕೆ ಕೂರುತ್ತೆ’ ಅಂತ ಮಾರುವವರು ಹೇಳಿದರೆ ಅದು ಸುಳ್ಳೇನಲ್ಲ, ನಿಜವಾಗಿಯೂ ಕೂರುತ್ತೆ. ಆದರೆ 1952ರ ಗಾಡಿಯಲ್ಲಿ 1966ರ ವೈರ್ ಕನೆಕ್ಟರ್ ಇದ್ದರೆ ಬಲ್ಲವರ ಕಣ್ಣಿಗೆ ಅದೇ ಮೊದಲು ಬೀಳುತ್ತದೆ. ಆದ್ದರಿಂದ ಗಾಡಿಯ ತಾರೀಕು ಖಚಿತವಾಗುವವರೆಗೆ ಒಂದು ನಟ್ಟನ್ನೂ ಕೊಳ್ಳಬೇಡಿ.

ತಾರೀಕಿಗೆ ಡ್ಯಾಶ್ ಮೇಲಿನ ಡೇಟಾ ಪ್ಲೇಟನ್ನಷ್ಟೇ (ಗಾಡಿಯ ವಿವರ ಅಚ್ಚಾದ ಫಲಕ) ನಂಬಬಾರದು. ನಾಲ್ಕು ಸ್ಕ್ರೂ ಬಿಚ್ಚಿದರೆ ಪ್ಲೇಟ್ ಬದಲಾಗುತ್ತದೆ, ಹೊಸದಾಗಿ ಅಚ್ಚು ಹಾಕಿದ ಪ್ಲೇಟುಗಳೂ ಬೇಕಾದಷ್ಟು ಸಿಗುತ್ತವೆ. ಪ್ಲೇಟಿನ ನಂಬರ್ ಫ್ರೇಮಿನ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. ಪಕ್ಕದಲ್ಲೇ ಡಿಪೋ ರೀಬಿಲ್ಡ್ ಪ್ಲೇಟ್ ಇದೆಯೇ ಅನ್ನುವುದನ್ನೂ ಗಮನಿಸಿ. ಯೂಟಾದ ಟೂಎಲೆಯಂಥ ಸೇನಾ ಡಿಪೋಗಳಲ್ಲಿ ಗಾಡಿಗಳನ್ನು ಪೂರ್ತಿ ಬಿಚ್ಚಿ ಕಟ್ಟುತ್ತಿದ್ದರು. ಆಗ ಸ್ಟೋರಿನಲ್ಲಿ ಯಾವ ಪಾರ್ಟ್ ಇತ್ತೋ ಅದನ್ನೇ ಹಾಕುತ್ತಿದ್ದರು. ಅಂಥ ಗಾಡಿಯಲ್ಲಿ ಬೇರೆ ಬೇರೆ ವರ್ಷದ ಪಾರ್ಟ್ಸ್ ಬೆರೆತಿದ್ದರೆ ಅದೂ ಸರಿಯೇ. ನನ್ನ ಅಭಿಪ್ರಾಯದಲ್ಲಿ, ರೀಬಿಲ್ಡ್ ಪ್ಲೇಟ್ ಇರುವ ಗಾಡಿಯನ್ನು ರೀಬಿಲ್ಡ್ ಆದ ಸ್ಥಿತಿಗೇ ತರುವುದು ಪ್ರಾಮಾಣಿಕ ಕೆಲಸ. ಫ್ಯಾಕ್ಟರಿಯಿಂದ ಬಂದ ದಿನದ ರೂಪಕ್ಕೆ ತರಲು ಹೊರಟರೆ ಅದರ ಅರ್ಧ ಚರಿತ್ರೆಯನ್ನೇ ಕಿತ್ತು ಹಾಕಿದಂತೆ.

ಪುಸ್ತಕಗಳಲ್ಲಿ ಶುರುವಿನ ಗಾಡಿಗಳಿಗೆ ಟಿಎಂ 9-8030 ಮ್ಯಾನುಯಲ್ ಮತ್ತು ಜಿ-741 ಪಾರ್ಟ್ಸ್ ಲಿಸ್ಟ್ ಬೇಕು. ಆಮೇಲಿನವಕ್ಕೆ ಟಿಎಂ 9-2320-212 ಸರಣಿ. ಹೊಸ ಪುಸ್ತಕ ಒಂದನ್ನೇ ಇಟ್ಟುಕೊಂಡರೆ ಬದಲಿಯಾಗಿ ಬಂದ ಪಾರ್ಟ್‌ಗಳ ನಂಬರ್ ಮಾತ್ರ ಸಿಗುತ್ತದೆ, ಮೊದಲಿದ್ದದ್ದು ಯಾವುದೆಂದು ತಿಳಿಯುವುದಿಲ್ಲ. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು ಚಿತ್ರ ಹೋಲಿಸಿ.

ಡಬ್ಬಿ ಒಡೆಯದ ಹಳೇ ಸ್ಟಾಕ್ ಸಿಕ್ಕರೆ ಲೇಬಲನ್ನು ನಿಧಾನವಾಗಿ ಓದಿ. ಸೇನೆ ಪ್ರತಿ ಪಾರ್ಟ್‌ಗೆ ಕೊಟ್ಟ ಸ್ಟಾಕ್ ನಂಬರಿನಲ್ಲಿ 11 ಅಂಕಿ ಇದ್ದರೆ ಅದು 1974ರ ಬದಲಾವಣೆಗೆ ಹಿಂದಿನ ಪದ್ಧತಿ. 13 ಇದ್ದರೆ ನಂತರದ್ದು. ಮೊದಲ ನಾಲ್ಕು ಅಂಕಿ ವಸ್ತುವಿನ ವರ್ಗ: 2530 ಬ್ರೇಕ್, ಸ್ಟೀರಿಂಗ್, ಆಕ್ಸಲ್, 6220 ಗಾಡಿಯ ಲೈಟು, 6680 ಫ್ಯುಯಲ್ ಗೇಜ್, 6685 ಆಯಿಲ್ ಪ್ರೆಶರ್ ಮತ್ತು ಟೆಂಪರೇಚರ್ ಗೇಜ್. ‘ಎ 5/67’ ಥರದ ಗುರುತಿದ್ದರೆ 1967ರ ಮೇ ತಿಂಗಳಲ್ಲಿ ಪ್ಯಾಕ್ ಆದದ್ದು ಎಂದರ್ಥ. ಪ್ಯಾಕ್ ಆದ ತಾರೀಕು ತಯಾರಾದ ತಾರೀಕಲ್ಲ, ಆದರೂ ಆ ತಾರೀಕಿನ ಹೊತ್ತಿಗೆ ಪಾರ್ಟ್ ತಯಾರಾಗಿತ್ತು ಅನ್ನುವಷ್ಟು ಖಾತ್ರಿ ಸಿಗುತ್ತದೆ.

ಹೆಚ್ಚು ತಪ್ಪಾಗುವುದು ವೈರಿಂಗ್‌ನಲ್ಲಿ. ಶುರುವಿನ ಗಾಡಿಗಳಲ್ಲಿ ಡಗ್ಲಸ್ ಕನೆಕ್ಟರ್: ಲೋಹದ ಕವಚ, ಒತ್ತಿ ತಿರುಗಿಸಿದರೆ ಲಾಕ್ ಆಗುತ್ತದೆ. ಆಮೇಲೆ ಬಂದ ಪ್ಯಾಕರ್ಡ್ ರಬ್ಬರಿನದು, ಬರೀ ಒತ್ತಿದರೆ ಸಾಕು. ಎರಡನ್ನೂ ಜೋಡಿಸುವ ಅಡಾಪ್ಟರ್ ಇದೆ. ಓಡಿಸಲು ತೊಂದರೆ ಇಲ್ಲ, ಆದರೆ 1952ರ ಗಾಡಿಯಲ್ಲಿ ಅದು ಕಾಣಬಾರದು. ಹೊಸ ತುದಿ ಕಟ್ಟುವಾಗ ಮೊದಲು ರಬ್ಬರ್ ಕವಚವನ್ನು ವೈರಿಗೆ ಏರಿಸಿ, ಆಮೇಲೆ ಟರ್ಮಿನಲ್ ಹಾಕಿ. ಕ್ರಮ ತಪ್ಪಿದರೆ ಕಟ್ಟಿದ್ದನ್ನು ಕತ್ತರಿಸಿ ಮತ್ತೆ ಶುರು ಮಾಡಬೇಕು. ಜಾರಲು ಸಿಲಿಕೋನ್ ಗ್ರೀಸ್ ಬಳಸಿ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ರಬ್ಬರ್ ಉಬ್ಬುತ್ತದೆ. ಪ್ರತಿ ವೈರಿನ ತುದಿಯಲ್ಲೂ ಸರ್ಕ್ಯೂಟ್ ನಂಬರಿನ ಲೋಹದ ಪಟ್ಟಿ ಇರುತ್ತದೆ: 17 ಹೈ ಬೀಮ್, 18 ಲೋ ಬೀಮ್, 27 ಗೇಜುಗಳಿಗೆ ಕರೆಂಟ್, 28 ಫ್ಯುಯಲ್, 33 ಟೆಂಪರೇಚರ್, 36 ಆಯಿಲ್. ಹಳೇ ಹಾರ್ನೆಸ್ (ವೈರುಗಳ ಕಟ್ಟು) ಬಿಸಾಡುವ ಮೊದಲು ಈ ಪಟ್ಟಿಗಳನ್ನೆಲ್ಲ ಬಿಡಿಸಿ ತೆಗೆದಿಡಿ.

ಫ್ಯುಯಲ್ ಸೆಂಡರ್, ಅಂದರೆ ಟ್ಯಾಂಕಿನ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗದ ವಿಷಯ ಬಿಡಿಸಿ ಹೇಳಬೇಕು. ಗಾಡಿ 24 ವೋಲ್ಟಿನದು; ಸೆಂಡರ್ ಟ್ಯಾಂಕ್ ಖಾಲಿಯಿದ್ದಾಗ 0 ಓಮ್, ತುಂಬಿದಾಗ 30 ಓಮ್ ತೋರಿಸಬೇಕು. ಕೊಳ್ಳುವಾಗಲೇ ಮೀಟರ್ ಹಿಡಿದು, ಫ್ಲೋಟನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿ ನೋಡಿ. ನಡುವೆ ಮೀಟರಿನ ಅಂಕಿ ಹಾರಿದರೆ ಒಳಗಿನ ತಂತಿ ಸವೆದಿದೆ, ವಾಪಸ್ ಕೊಡಿ. ಒಳ್ಳೆ ಸೆಂಡರ್ ಹಾಕಿದ ಮೇಲೂ ಮುಳ್ಳು ಯಾವಾಗಲೂ ಫುಲ್ ದಾಟಿ ನಿಂತಿದ್ದರೆ ಗೇಜನ್ನು ಬಯ್ಯಬೇಡಿ. ಹೊಸದಾಗಿ ಪೇಂಟ್ ಹೊಡೆದ ಟ್ಯಾಂಕ್, ಅದರ ಮೇಲೆ ಹೊಸ ಗ್ಯಾಸ್ಕೆಟ್: ಸೆಂಡರಿಗೆ ಅರ್ತ್ ಸಿಕ್ಕಿರುವುದಿಲ್ಲ. ಅರ್ತ್ ಇಲ್ಲದ ಸೆಂಡರ್ 30 ಓಮಿಗಿಂತ ಎಷ್ಟೋ ಹೆಚ್ಚು ಪ್ರತಿರೋಧ ತೋರಿಸುತ್ತದೆ, ಗೇಜ್ ಅದನ್ನು ಫುಲ್ ಎಂದು ಓದುತ್ತದೆ. ಒಂದು ಸ್ಕ್ರೂ ತೂತಿನ ಸುತ್ತ ಪೇಂಟ್ ಕೆರೆದರೆ ಸರಿಹೋಗುತ್ತದೆ. 12 ವೋಲ್ಟಿನ ಗೇಜ್ ಹಾಕಿದರೆ ಮಾತ್ರ ಸುಟ್ಟೇ ಹೋಗುತ್ತದೆ.

ಹಳೇ ಗೇಜಿನ ಮುಳ್ಳಿಗೆ, ಅಂಕಿಗಳಿಗೆ ಹೊಳೆಯುವ ಬಣ್ಣ ಇದ್ದರೆ ಗಾಜು ತೆಗೆಯಬೇಡಿ. ಸೇನಾ ಗೇಜುಗಳಲ್ಲಿ ಕೆಲವಕ್ಕೆ ರೇಡಿಯಂ ಹಚ್ಚಿರುತ್ತಿದ್ದರು. ಕ್ಯಾಡ್ಮಿಯಂ ಲೇಪದ ಬೋಲ್ಟುಗಳೂ ಅಷ್ಟೇ: ಉಜ್ಜಿದರೆ, ಕಾಯಿಸಿದರೆ ವಿಷ. ಈಗಿನ ಹಳದಿ ಜಿಂಕ್ ಬೋಲ್ಟ್ ಹಾಕಿದರೆ ಎದ್ದು ಕಾಣುತ್ತದೆ, ತಲೆಯ ಮೇಲಿನ ಗೆರೆ ನೋಡಿ ಅದೇ ಗ್ರೇಡಿನದನ್ನೇ ಹುಡುಕಿ. ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8.

ಸ್ಪಾರ್ಕ್ ಪ್ಲಗ್ ರೇಡಿಯೋ ತರಂಗಕ್ಕೆ ಅಡ್ಡಿಯಾಗದಂತೆ ಲೋಹದ ಕವಚದಲ್ಲಿರುತ್ತದೆ. ಕವಚದ ಥ್ರೆಡ್ ಅಳತೆ ಒಂದಕ್ಕಿಂತ ಹೆಚ್ಚಿದೆ, ಕೇಬಲ್ ತುದಿಯ ನಟ್ಟನ್ನು ಅಳೆದೇ ಆರ್ಡರ್ ಕೊಡಿ. ಶುರುವಿನ ಗಾಡಿಗಳಿಗೆ ಇಂಡಿಕೇಟರ್ ಇರಲಿಲ್ಲ, ಕಿಟ್ ಬಂದದ್ದು ಆಮೇಲೆ. ರಸ್ತೆಗೆ ಬೇಕೇ ಬೇಕಾದರೆ ಗಾಡಿಯ ಮೈಗೆ ತೂತು ಕೊರೆಯದೆ ಬ್ರ್ಯಾಕೆಟ್ ಕಟ್ಟಿ ಹಾಕಿ.

ಬಣ್ಣಕ್ಕೆ ಡೇಟಾ ಪ್ಲೇಟಿನ ಹಿಂದೆ ಅಥವಾ ಡ್ಯಾಶ್ ಒಳಬದಿಯಲ್ಲಿ ಬಿಸಿಲು ಕಾಣದ ಜಾಗ ಹುಡುಕಿ. 400 ನಂಬರ್ ನೀರಿನ ಸ್ಯಾಂಡ್ ಪೇಪರಿನಲ್ಲಿ ಶುರುಮಾಡಿ 600ರಲ್ಲಿ ಮುಗಿಸಿ, ರೂಪಾಯಿ ಅಗಲಕ್ಕೆ ಉಜ್ಜಿದರೆ ಪದರಗಳು ಬಳೆಬಳೆಯಾಗಿ ಕಾಣುತ್ತವೆ. ಅಮೆರಿಕದ ಸರ್ಕಾರಿ ಬಣ್ಣಗಳಿಗೆ ಸಂಖ್ಯೆ ಇರುತ್ತದೆ; 24087 ಎಂಬ ಸಂಖ್ಯೆಯಲ್ಲಿ ಮೊದಲ ಅಂಕಿ 2 ಅಂದರೆ ಅರೆ ಹೊಳಪು, 3 ಅಂದರೆ ಮಂಕು. ಆ ಸಂಖ್ಯೆಗಳ ಪದ್ಧತಿ ಬಂದದ್ದೇ 1956ರಲ್ಲಿ. ಅದಕ್ಕೂ ಹಿಂದಿನ ಗಾಡಿಗೆ ಉಜ್ಜಿದಾಗ ಕಂಡ ಕೆಳಗಿನ ಪದರವನ್ನೇ ನಂಬಿ.

ಟೈರ್ 9.00-16, ಎನ್‌ಡಿಟಿ (ಎರಡೂ ದಿಕ್ಕಿಗೆ ಒಂದೇ ಥರ ಇರುವ) ಪಟ್ಟೆಯದು. ಹೊಸದನ್ನೇ ಹಾಕಿ, ಲಾಕ್ ರಿಂಗ್ ಇರುವ ವೀಲಾದ್ದರಿಂದ ಗಾಳಿ ತುಂಬುವಾಗ ರಿಂಗ್ ಸಿಡಿದರೂ ತಾಗದಂತೆ ಕಬ್ಬಿಣದ ಕೇಜ್ ಒಳಗೇ ಇಡಿ. ಬಿಚ್ಚುವಾಗ ಎಡಗಡೆಯ ವೀಲ್ ಸ್ಟಡ್‌ಗಳದ್ದು ಎಡ ಥ್ರೆಡ್ ಎಂಬುದು ನೆನಪಿರಲಿ. ಉದ್ದದ ಪೈಪ್ ಹಾಕಿ ಉಲ್ಟಾ ತಿರುಗಿಸಿ ಸ್ಟಡ್ ಮುರಿದರೆ ಎಡ ಥ್ರೆಡ್ಡಿನದು ಮತ್ತೆ ಸಿಗುವುದು ಕಷ್ಟ.