ಮಗನನ್ನು ಉದ್ಯಮಿ ಮಾಡುವುದು ಹೇಗೆ ಎಂದು ಕೇಳುವವರಿಗೆ

ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 11 ವರ್ಷಗಳಿಂದ ನಮ್ಮ ಶಾಲೆಯ ಮಕ್ಕಳ ಸಂತೆಯ ಹೊಣೆಯೂ ನನ್ನದೇ. ಆ ಕಾರಣಕ್ಕೆ ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸರದಿಯಲ್ಲಿ ಒಂದೇ ಪ್ರಶ್ನೆ ಎದುರಾಗುತ್ತದೆ: "ಮೇಡಂ, ನಮ್ಮ ಮಗನನ್ನು ಉದ್ಯಮಿ ಮಾಡಬೇಕು. ಯಾವ ವಯಸ್ಸಿನಿಂದ ಶುರು ಮಾಡಬೇಕು?" ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ.

ಮೊದಲು ಆ "ಮಾಡಬೇಕು" ಬಿಡಿ. ಹಿಂದೆ ಡಾಕ್ಟರ್ ಮಾಡಬೇಕು ಎನ್ನುತ್ತಿದ್ದಿರಿ, ಆಮೇಲೆ ಎಂಜಿನಿಯರ್. ಹುಡುಗ ಅದೇ ಹುಡುಗ, ಒತ್ತುವ ಅಚ್ಚು ಮಾತ್ರ ಹೊಸದು. ಇನ್ನು "ಮಗನನ್ನು" ಎಂಬ ಮಾತು. ಇಷ್ಟು ವರ್ಷಗಳಲ್ಲಿ ಮಗಳ ವಿಷಯವಾಗಿ ಇದನ್ನು ಕೇಳಿದವರು ಇಬ್ಬರೇ.

ಅವನ ಹೆಸರಿನಲ್ಲಿ ಈಗಲೇ ಕಂಪನಿ ತೆರೆಯಬಹುದೇ ಎಂದೂ ಕೇಳುತ್ತಾರೆ. 18 ತುಂಬದವನು ನಿರ್ದೇಶಕನಾಗುವಂತಿಲ್ಲ. 1872ರ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಧರ್ಮದಾಸ ಘೋಷ್ ಎಂಬ ಅಪ್ರಾಪ್ತ ಆಸ್ತಿ ಅಡವಿಟ್ಟು ಸಾಲ ಪಡೆದ ಪ್ರಕರಣದಲ್ಲಿ, ಅಂಥ ಕರಾರು ಮೂಲದಲ್ಲೇ ಶೂನ್ಯ ಎಂದು, ಆಗ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ, ಸ್ವಉದ್ಯೋಗಕ್ಕೆ ಉಚಿತ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯೂ 18 ತುಂಬಿದವರನ್ನೇ ಸೇರಿಸಿಕೊಳ್ಳುತ್ತದೆ. ಹತ್ತು ತುಂಬಿದ ಮಗು ತಾನೇ ನಡೆಸುವ ಉಳಿತಾಯ ಖಾತೆಗೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಸದ್ಯ ಅಷ್ಟು ಮಾಡಿ.

ಈಗ ಮಜ್ಜಿಗೆಯ ವಿಷಯ. ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಒಂದು ವರ್ಷ ಸಂತೆಯ ದಿನ ಮೋಡ ಕವಿದು ಚಳಿಗಾಳಿ ಬೀಸುತ್ತಿತ್ತು. ಎಂಟನೇ ತರಗತಿಯ ಹುಡುಗನೊಬ್ಬ 80 ಲೋಟ ಮಜ್ಜಿಗೆ ತಂದಿದ್ದ. ಮಧ್ಯಾಹ್ನದವರೆಗೆ ಖರ್ಚಾದದ್ದು 11 ಲೋಟ. ಅವನು ಆಕಾಶ ನೋಡುತ್ತಿದ್ದ, ಪಕ್ಕದಲ್ಲಿ ಬಿಸಿ ಕಡಲೆಗೆ ಮುಗಿಬಿದ್ದವರನ್ನು ನೋಡುತ್ತಿದ್ದ. ತಲೆ ಓಡುತ್ತಿತ್ತು, ನನಗೆ ಕಾಣಿಸುತ್ತಿತ್ತು. ಅಷ್ಟರಲ್ಲಿ ಅವನ ತಂದೆ ಬಂದರು. 700 ರೂಪಾಯಿ ಕೊಟ್ಟು ಉಳಿದದ್ದನ್ನೆಲ್ಲ ಕೊಂಡರು, ಬೇವಿನ ಮರದ ಬುಡಕ್ಕೆ ಸುರಿದರು, ಖಾಲಿ ಕೊಳಗದ ಜೊತೆ ಮಗನನ್ನು ನಿಲ್ಲಿಸಿ ಫೋಟೊ ತೆಗೆದರು. ಅವನು ಕ್ಯಾಮೆರಾ ಬಿಟ್ಟು ಬೇವಿನ ಬುಡವನ್ನೇ ನೋಡುತ್ತಿದ್ದ. ಹನ್ನೊಂದು ವರ್ಷಗಳಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದು ಅದೊಂದೇ ಸಲ.

ಅದೇ ಸಂಜೆ ಲೆಕ್ಕ ಬರೆಯುವಾಗ, ಕೊತ್ತಂಬರಿ ಸೊಪ್ಪು ಮಾರಿದ ಹುಡುಗಿ ಪೆನ್ನು ಹಿಡಿದು ಸುಮ್ಮನೆ ಕುಳಿತಿದ್ದಳು. 28 ಕಟ್ಟು, ತಲಾ 5 ರೂಪಾಯಿ, ಒಟ್ಟು 140. ಬೀಜ ಮನೆಯದೇ, ಖರ್ಚಿಲ್ಲ. ಲಾಭ ಎಷ್ಟೆಂದು ಬರೆ ಎಂದೆ. "ಅಜ್ಜಿ ನೀರು ಹೊತ್ತಿದ್ದನ್ನು ಎಲ್ಲಿ ಬರೆಯಲಿ?" ಎಂದಳು. ದಿನಕ್ಕೆ ಅರ್ಧ ಗಂಟೆಯಂತೆ 40 ದಿನ. ಒಟ್ಟು 20 ಗಂಟೆ, ಅಂದರೆ ಎರಡೂವರೆ ದಿನದ ಕೂಲಿ. 140 ರೂಪಾಯಿ ಅದಕ್ಕೆ ಎಲ್ಲಿ ಸಾಲುತ್ತದೆ? ಅವಳು ನಿಧಾನವಾಗಿ "ನಷ್ಟ" ಎಂದು ಬರೆದಳು. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಕುಳಿತು ಚಿಲ್ಲರೆ ಎಣಿಸುವ ಮಕ್ಕಳಿಗೂ ಈ ಲೆಕ್ಕ ಗೊತ್ತು. ಅವರನ್ನು ಯಾರೂ ಉದ್ಯಮಿ ಎಂದು ಕರೆಯುವುದಿಲ್ಲ.

ನೀವು ನನ್ನನ್ನು ಕೇಳಬೇಕಾದದ್ದು, "ಅವನು ಸೋತ ದಿನ ನಾವೇನು ಮಾಡಬೇಕು?" ಎಂದು. ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಪಕ್ಕದಲ್ಲಿ ಕುಳಿತುಕೊಳ್ಳಿ, ಕೊಳ್ಳಬೇಡಿ. ಸೋಲಿನ ಗಾತ್ರವನ್ನು ಮಾತ್ರ ಮೊದಲೇ ಗೊತ್ತುಮಾಡಿ. ದೆಹಲಿ ಸರ್ಕಾರ 2021ರಲ್ಲಿ ತನ್ನ ಶಾಲೆಗಳ 11 ಮತ್ತು 12ನೇ ತರಗತಿಯ ಮಕ್ಕಳಿಗೆ ತಲಾ 2,000 ರೂಪಾಯಿ ಮೂಲಧನ ಕೊಡುವ ಯೋಜನೆ ತಂದಾಗ ನನಗೆ ಹಿಡಿಸಿದ್ದು ಆ ಮೊತ್ತ. ಮಗು ಲೆಕ್ಕ ಇಡಬೇಕಾದಷ್ಟು ದೊಡ್ಡದು, ಮುಳುಗಿದರೂ ಮನೆ ಮುಳುಗದಷ್ಟು ಚಿಕ್ಕದು.

ಮಜ್ಜಿಗೆಯ ಹುಡುಗ ಮರುವರ್ಷವೂ ಸಂತೆಗೆ ಬಂದ. ಹಿಂದಿನ ದಿನ ನನ್ನ ಬಳಿ ಬಂದು ಹವಾಮಾನ ವರದಿ ನೋಡಿಕೊಂಡು ಹೋಗಿದ್ದ. ತಂದದ್ದು 20 ಲೋಟ ಮಜ್ಜಿಗೆ, ಒಂದು ಫ್ಲಾಸ್ಕ್ ಶುಂಠಿ ಕಷಾಯ. ಮೂರು ಲೋಟ ಮಜ್ಜಿಗೆ ಉಳಿಯಿತು, ಅದನ್ನು ತಾನೇ ಕುಡಿದ. ಅಪ್ಪ ಬರಲಿಲ್ಲವೇ ಎಂದು ಕೇಳಿದೆ. ಸಂತೆ ಯಾವತ್ತು ಎಂದು ಅವರಿಗೆ ಹೇಳಿಯೇ ಇರಲಿಲ್ಲವಂತೆ.