ಇಪ್ಪತ್ತು ಬರ್ಕೊ

2 ನವೆಂಬರ್ 2024, ಶನಿವಾರ, ಬಲಿಪಾಡ್ಯಮಿ
ಸಾಗರ

ಬೆಳಿಗ್ಗೆ ಗೋಪೂಜೆ, ಮಧ್ಯಾಹ್ನ ಹೋಳಿಗೆ ಊಟ, ಒಂದು ಸಣ್ಣ ನಿದ್ದೆ. ಆಮೇಲೆ ಜಗಲಿಯಲ್ಲಿ ಚಾಪೆ ಹಾಸಿ ರಮ್ಮಿ. ಈ ಪಾಡ್ಯಕ್ಕೆ ದ್ಯೂತ ಪ್ರತಿಪದೆ ಅಂತಲೂ ಹೆಸರಿದೆ. ಶಿವ ಪಾರ್ವತಿಯರೇ ಪಗಡೆ ಆಡಿದ ದಿನವಂತೆ. ಹಾಗಾಗಿ ಇವತ್ತು ಇಸ್ಪೀಟು ಹಿಡಿದರೆ ಮನೆಯಲ್ಲಿ ಯಾರೂ ಗೊಣಗುವ ಹಾಗಿಲ್ಲ.

ನಮ್ಮದು 201 ಅಂಕದ ಆಟ. ಎರಡು ಕಟ್ಟು, ತಲೆಗೆ 13 ಎಲೆ. ಎಲೆಗಳನ್ನೆಲ್ಲ ಮೊದಲು ಕೂಡಿಸಿ ತೋರಿಸಿದವರಿಗೆ, ಅಂದರೆ ಶೋ ಮಾಡಿದವರಿಗೆ ಸೊನ್ನೆ, ಉಳಿದವರಿಗೆ ಕೈಯಲ್ಲಿ ಕೂಡದ ಎಲೆಗಳ ಲೆಕ್ಕ. ಎಕ್ಕ, ರಾಜ, ರಾಣಿ, ಗುಲಾಮ ತಲಾ ಹತ್ತು. ಜೋಕರ್ ಇಲ್ಲದ ಒಂದು ಸೀಕ್ವೆನ್ಸೂ (ಒಂದೇ ಜಾತಿಯ ಸಾಲು ಎಲೆಗಳು) ಆಗಿರದಿದ್ದರೆ ಇಡೀ ಕೈ ಲೆಕ್ಕಕ್ಕೆ ಬೀಳುತ್ತೆ, ಗರಿಷ್ಠ 80. ಕ್ಲಬ್ಬುಗಳಲ್ಲಿ 201 ಮುಟ್ಟಿದವರು ಎದ್ದು ಹೋಗಬೇಕು, ಕೊನೆಗೆ ಉಳಿದವರು ಗೆದ್ದಂತೆ. ಮನೆಯಲ್ಲಿ ಹಾಗೆ ಮಾಡಿದರೆ ಮೊದಲು ಏಳುವವರು ಮಕ್ಕಳು, ಆಮೇಲೆ ಅಳು. ಅದಕ್ಕೇ ನಮ್ಮಲ್ಲಿ ಒಬ್ಬರು ದಾಟಿದರೆ ಆಟ ಮುಗೀತು, ಕಡಿಮೆ ಇದ್ದವರು ಗೆದ್ದರು.

ದೊಡ್ಡಪ್ಪ ಆಡುವುದನ್ನು ನೋಡುವುದೇ ಒಂದು ಚಂದ. ಎಂಥ ದರಿದ್ರ ಕೈ ಬಂದರೂ ಬಿಡುವವರಲ್ಲ. ಎರಡು ರಾಜ ಹಿಡಿದು ಮೂರನೆಯದಕ್ಕೆ ಕಾಯುತ್ತಾ, ಪ್ರತಿ ಎಲೆ ಎಳೆಯುವಾಗಲೂ ಕಣ್ಣು ಮುಚ್ಚಿ ತೆಗೆಯುತ್ತಾರೆ. ಅಜ್ಜಿ ಇದಕ್ಕೆ ತದ್ವಿರುದ್ಧ. ಹಂಚಿದ ಎಲೆಗಳನ್ನು ಜೋಡಿಸಿ, ಕನ್ನಡಕ ಸರಿಮಾಡಿಕೊಂಡು ಒಮ್ಮೆ ನೋಡುತ್ತಾಳೆ. ಸೀಕ್ವೆನ್ಸಿನ ಸುಳಿವಿಲ್ಲದಿದ್ದರೆ ಒಂದು ಎಲೆಯನ್ನೂ ಎಳೆಯದೆ ಮಗುಚಿಟ್ಟು, ಆ ಸುತ್ತನ್ನೇ ಬಿಟ್ಟು, "ನಂದು ಸ್ಕೂಟ್. ಇಪ್ಪತ್ತು ಬರ್ಕೊ" ಅಂತ ಕವಳದ (ಎಲೆಯಡಿಕೆಯ) ತಟ್ಟೆಗೆ ಕೈ ಹಾಕುತ್ತಾಳೆ. ಒಂದು ಎಲೆ ಎಳೆದ ಮೇಲೆ ಬಿಟ್ಟರೆ ನಲವತ್ತು, ಅದು ಅವಳಿಗೆ ಚೆನ್ನಾಗಿ ಗೊತ್ತು. ಹೀಗೆ ಹತ್ತು ಸಲ ಬಿಟ್ಟರೂ 200, ಇನ್ನೂ ಬದುಕಿರುತ್ತಾಳೆ. 201ರ ಆ ಕೊನೆಯ ಒಂದು ಯಾಕೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಮಧ್ಯೆ ಚಿಕ್ಕಮ್ಮನ ಮಗ ಕೇಳಿದ, "ಇದು ಜೂಜಲ್ವಾ?" ದೊಡ್ಡಪ್ಪನಿಗೆ ಅಷ್ಟು ಸಾಕು. 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಂತ ಶುರು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸು. ರಮ್ಮಿ ಮೂರೆಲೆ ಆಟದ ಹಾಗೆ ಬರೀ ಅದೃಷ್ಟದ್ದಲ್ಲ, ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಅನ್ನುವುದರಲ್ಲಿ ಜಾಣತನವಿದೆ ಅಂತ ತೀರ್ಪು. "ಬಿಸಾಡೋ ಭಾಗ ನೀನು ಓದ್ಲಿಲ್ಲ ಕಾಣ್ತದೆ" ಅಂದಳು ಅಜ್ಜಿ.

ಏಳು ಕೈ ಆಡಿದೆವು. ಅದರಲ್ಲಿ ನಾಲ್ಕು ಸಲ ಶೋ ಮಾಡಿದ್ದು ದೊಡ್ಡಪ್ಪ. ಪ್ರತಿ ಸಲವೂ ಎಲೆಗಳನ್ನು ಚಾಪೆಗೆ ಬಡಿದು ಒಂದು ನಗು. ಉಳಿದ ಮೂರು ಕೈಯಲ್ಲಿ 80, 80, 46. ಅಜ್ಜಿಯದು ಒಂದೇ ಒಂದು ಶೋ, ಐದು ಸ್ಕೂಟ್, ಒಮ್ಮೆ ಮಾತ್ರ 18. ಹಳೇ ಕ್ಯಾಲೆಂಡರಿನ ಬೆನ್ನಿಗೆ ಚಿಕ್ಕಮ್ಮ ಕೂಡಿ ಬರೆದಳು: ಅಜ್ಜಿ 118, ದೊಡ್ಡಪ್ಪ 206. ನಾವು ಮೂವರು ನಡುವೆ ಎಲ್ಲೋ.

ಈ ಆಟದಲ್ಲಿ ಗೆದ್ದ ಕೈಗೆ ಏನೂ ಸಿಗುವುದಿಲ್ಲ, ಸೊನ್ನೆ ಅಷ್ಟೆ. ನಾಲ್ಕು ಸೊನ್ನೆ ಕೂಡಿದರೂ ಸೊನ್ನೆಯೇ. ಗೆಲುವಿನ ಖುಷಿ ಪೂರ್ತಿ ದೊಡ್ಡಪ್ಪನದು, ಗೆಲುವು ಮಾತ್ರ ಅಜ್ಜಿಯದು. ನನ್ನನ್ನು ಕೇಳಿದರೆ, ಪಕ್ಕದಲ್ಲಿ ಕೂತು ಆಡಲು ದೊಡ್ಡಪ್ಪನೇ ಇರಲಿ. ಎಲ್ಲರೂ ಅಜ್ಜಿಯ ಹಾಗೆ ಆಡಿದರೆ ಕವಳವೇ ಆದೀತು, ಆಟವಾಗದು.

"ನಾಲ್ಕು ಸಲ ಹೊಡ್ದವನು ನಾನು, ಸೋತವನೂ ನಾನೇ ಅಂದ್ರೆ ಎಂಥ ಲೆಕ್ಕ ಇದು?" ಅಂತ ದೊಡ್ಡಪ್ಪ ತಕರಾರು ತೆಗೆದರು. "ಈಗ 101 ಆಡೋಣ, ನೋಡ್ತೀನಿ."

"101ಕ್ಕೆ ಐದೇ ಸ್ಕೂಟ್" ಅಂದಳು ಅಜ್ಜಿ, ಬೆರಳು ಮಡಚುತ್ತಾ. "ಸಾಕು. ಕಲಸು."